ಎಡಕ್ಕೆ ತಿರುಗಿದ್ರೆ ಸಾಯೋ ಗಾಡಿ

ಗಾಡಿ ಯಾವ ಕಂಪ್ನಿದು ಅಂತ ಹೇಳಲ್ಲ, ಕೇಳ್ಬೇಡಿ. ಅಡ್ವೆಂಚರ್ ಬೈಕು, ಒಂದೇ ಸಿಲಿಂಡ್ರು, ಮುಂದ್ಗಡೆ 21 ಇಂಚಿನ ಚಕ್ರ, ಎಫ್‌ಐ (ಕಂಪ್ಯೂಟ್ರು ಲೆಕ್ಕ ಹಾಕಿ ಇಂಜಿನ್ನಿಗೆ ಪೆಟ್ರೋಲು ಚಿಮ್ಮಿಸೋ ವ್ಯವಸ್ಥೆ), ಎಬಿಎಸ್ಸು (ಬ್ರೇಕ್ ಹಿಡ್ದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋದು), ಮೀಟ್ರು ನೋಡುದ್ರೆ ಮೊಬೈಲ್ ಥರ, ಅಷ್ಟು ಗೊತ್ತಿದ್ರೆ ಸಾಕು. ಯಾಕೆ ಹೆಸ್ರು ಹೇಳ್ತಿಲ್ಲ ಅಂತ ಕಥೆ ಮುಗಿಯೋ ಹೊತ್ಗೆ ನಿಮ್ಗೇ ಗೊತ್ತಾಗುತ್ತೆ.

ಹೋದ ವರ್ಷ ದಸರಾ ಗಲಾಟೆ ಎಲ್ಲಾ ಮುಗುದು ಮೈಸೂರು ಸ್ವಲ್ಪ ಉಸ್ರು ಬಿಟ್ಕೊಂಡಿದ್ದ ಒಂದು ಭಾನುವಾರ, ಪುಳಿಯೋಗರೆ ತಿನ್ನೋ ನೆಪ ಇಟ್ಕೊಂಡು ಮೇಲುಕೋಟೆಗೆ ಹೊರಟೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟಿಂದ ಎರಡು ಚಕ್ರದೋರ್ನ ಬಿಡಲ್ವಲ್ಲ, ಹಂಗಾಗಿ ಸರ್ವೀಸ್ ರೋಡಲ್ಲಿ ಹಂಪು ಎಣಿಸ್ಕೊಂಡು ಶ್ರೀರಂಗಪಟ್ಟಣ, ಅಲ್ಲಿಂದ ಪಾಂಡವಪುರ, ಜಕ್ಕನಹಳ್ಳಿ. ಬೆಟ್ಟ ಹತ್ತೋ ಕಡೆ ಒಂದು ಎಡ ತಿರುವು, ಮುಂದೆ ಕಬ್ಬು ತುಂಬಿದ ಎತ್ತಿನ ಗಾಡಿ, ಅದ್ರ ಹಿಂದೆ ಫಸ್ಟ್ ಗೇರಲ್ಲಿ ಹ್ಯಾಂಡ್ಲು ಪೂರ್ತಿ ಎಡಕ್ಕೆ ಎಳ್ಕೊಂಡು ತೆವಳ್ತಾ ಇದೀನಿ, ಟಪ್ ಅಂತ ಎಲ್ಲಾ ಆಫ್. ಇಂಜಿನ್ ಆಫ್, ಮೀಟ್ರು ಆಫ್, ಲೈಟ್ ಆಫ್. ಒಂದು ಸೆಕೆಂಡ್ ಬಿಟ್ಟು ಮೀಟ್ರು ತಾನೇ ಎದ್ದು ಕಂಪ್ನಿ ಲೋಗೋ ತೋರುಸ್ತು, ಆಮೇಲೆ ಚೆಕ್ ಇಂಜಿನ್ನು, ಎಬಿಎಸ್ಸು, ಎಲ್ಲಾ ದೀಪಾನೂ ಒಟ್ಟಿಗೇ ಹತ್ಕೊಂಡ್ವು, ಸಯ್ಯಾಜಿರಾವ್ ರಸ್ತೆ ದಸರಾ ಲೈಟಿಂಗ್ ಥರ.

ಪಕ್ಕಕ್ಕೆ ತಳ್ಳಿ ಸೈಡ್ ಸ್ಟ್ಯಾಂಡ್ ಹಾಕ್ದೆ. ಕೀ ಆನ್ ಮಾಡುದ್ರೆ ಮೀಟ್ರು ಒಂದ್ಸಲ ಮಿಣುಕ್ತು, ಮತ್ತೆ ಕತ್ಲೆ. ಪಂಪಿನ ಸೂಂ ಅನ್ನೋ ಸದ್ದಿಲ್ಲ. ಎಫ್‌ಐ ಗಾಡಿ ಓಡಿಸೋರಿಗೆ ಗೊತ್ತು, ಕೀ ತಿರುಗಿಸಿದ ತಕ್ಷಣ ಟ್ಯಾಂಕೊಳಗಿರೋ ಪಂಪು ಎರಡು ಮೂರು ಸೆಕೆಂಡ್ ಓಡಿ ಲೈನಿಗೆ ಪ್ರೆಷರ್ ಕಟ್ಟುತ್ತೆ, ಆ ಸದ್ದು ಕೇಳಿಲ್ಲ ಅಂದ್ರೆ ಸೆಲ್ಫ್ ಹೊಡ್ದೂ ಪ್ರಯೋಜ್ನ ಇಲ್ಲ.

ಎತ್ತಿನ ಗಾಡಿ ಯಜಮಾನ್ರು ತಿರುಗಿ ನೋಡಿ "ಏನ್ ಸಾ, ಪೆಟ್ರೋಲ್ ಆಗೋಯ್ತಾ" ಅಂದ್ರು. ಹಿಂದೆ ಬಂದ ಟ್ರಾಕ್ಟ್ರು ಹುಡ್ಗನೂ ಅದೇ ಕೇಳ್ದ. ಆಮೇಲೆ ಸ್ಕೂಟ್ರಲ್ಲಿ ಬಂದ ಗಂಡ ಹೆಂಡ್ತಿ ನಿಲ್ಲಿಸಿ "ಪ್ಲಗ್ ಬಿಚ್ಚಿ ಒರ್ಸುದ್ರಾ" ಅಂತ ಕೇಳಿ ಹೋದ್ರು. ನಮ್ ಕಡೆ ಗಾಡಿ ನಿಂತ್ರೆ ಪ್ರಪಂಚದಲ್ಲಿ ಎರಡೇ ಕಾರಣ, ಪೆಟ್ರೋಲು ಇಲ್ಲ ಪ್ಲಗ್ಗು. ಅವ್ರದ್ದೇನೂ ತಪ್ಪಿಲ್ಲ ಬಿಡಿ, ನಲವತ್ತು ವರ್ಷ ಅದೇ ಸತ್ಯ ಆಗಿತ್ತು.

ಹತ್ತು ನಿಮಿಷ ಆದ್ಮೇಲೆ ಇನ್ನೂ ಸ್ವಲ್ಪ ನೆರಳಿಗೆ ಹಾಕೋಣ ಅಂತ ಹ್ಯಾಂಡ್ಲು ನೇರ ಮಾಡಿ ತಳ್ದೆ ನೋಡಿ, ಮೀಟ್ರು ಬಂತು. ಸೂಂ ಅಂತು. ಸೆಲ್ಫ್ ಹೊಡ್ದೆ, ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟು. ಹ್ಯಾಂಡ್ಲು ನೇರ ಮಾಡಿದ್ದಕ್ಕೇ ಬಂತು ಅಂತ ಆ ಕ್ಷಣ ನನ್ ತಲೆಗೆ ಹೊಳೀಲೇ ಇಲ್ಲ. ಚೆಲುವನಾರಾಯಣ ಸ್ವಾಮಿ ದಯೆ ಅಂದ್ಕೊಂಡು ಪುಳಿಯೋಗರೆನೂ ಬಿಟ್ಟು ವಾಪಸ್ ಮೈಸೂರಿಗೆ ಬಂದೆ.

ಮನೆಗೆ ಬಂದು ಅಪ್ಪನ ಮುಂದೆ ಹೇಳಿದ್ದೇ ತಪ್ಪಾಯ್ತು. ಅವ್ರು ಯೆಜ್ಡಿ ಕಾಲದೋರು. ಯಾದವಗಿರಿಲಿ ಆ ಯೆಜ್ಡಿ ಬೈಕ್ ತಯಾರಾಗ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟ್ರಿ 1961ರಿಂದ 1996ರ ತನಕ ನಡೀತು, ಮೈಸೂರಲ್ಲಿ ಆಗ ಮನೆಗೊಬ್ರು ಇಲ್ಲಾಂದ್ರೂ ಬೀದಿಗೊಬ್ರು ಅಲ್ಲಿ ಕೆಲ್ಸ ಮಾಡೋರೋ ಅವ್ರ ನೆಂಟ್ರೋ ಇರ್ತಿದ್ರು, ಇಂಜಿನ್ ಸದ್ದು ಕೇಳೇ ಪಿಸ್ಟನ್ ರಿಂಗ್ ಕಥೆ ಹೇಳೋ ಮೆಕ್ಯಾನಿಕ್‌ಗಳು ಹುಟ್ಕೊಂಡಿದ್ದೂ ಹಂಗೇ. ಭಾನುವಾರ ಆದ್ರೆ ಅಪ್ಪ ಪ್ಲಗ್ ಬಿಚ್ಚಿ, ಮರಳು ಕಾಗ್ದದಲ್ಲಿ ಉಜ್ಜಿ, ಪಾಯಿಂಟ್ ಗ್ಯಾಪ್ ನೋಡಿ, ಸೀಟ್ ಒರ್ಸಿ ಇಡೋರು. ಅವ್ರಿಗೆ ಅದು ರಿಪೇರಿ ಅಲ್ಲ, ಪೂಜೆ. "ಕಂಪ್ಯೂಟ್ರು ಹಾಕಿರೋ ಗಾಡಿ ಬೇಡ ಅಂದೆ ಕೇಳಿದ್ಯಾ, ನಿಂತ್ರೆ ಯಾರು ಬಿಚ್ತಾರೆ" ಅಂತ ಶುರು ಮಾಡುದ್ರು.

ನಾನು ಸುಮ್ನೆ ಇರ್ಲಿಲ್ಲ, ಯಾಕಂದ್ರೆ ಎಫ್‌ಐಗೆ ಮುಂಚೆ ಗಾಳಿ ಪೆಟ್ರೋಲು ಬೆರ್ಸಿ ಇಂಜಿನ್ನಿಗೆ ಕೊಡ್ತಿದ್ದ ಕಾರ್ಬುರೇಟ್ರು ಕಷ್ಟ ನಾನೂ ನೋಡಿದೀನಿ. 2013ರಲ್ಲಿ ಮನಾಲಿಲಿ ಬಾಡಿಗೆ ಗಾಡಿ ತಗೊಂಡು ಲಡಾಖ್ ಹೋಗಿದ್ವಿ, ಕಾರ್ಬುರೇಟ್ರು ಗಾಡಿ. ಎತ್ತರ ಹೋದಂಗೆಲ್ಲಾ ಗಾಳಿ ತೆಳ್ಳಗಾಗುತ್ತೆ, ಆದ್ರೆ ಕಾರ್ಬುರೇಟ್ರಲ್ಲಿ ಪೆಟ್ರೋಲು ಬರೋ ಜೆಟ್ಟಿನ ತೂತು ಅಷ್ಟೇ ಇರುತ್ತಲ್ಲ, ಪೆಟ್ರೋಲು ಬರೋದು ಬರ್ತಾನೇ ಇರುತ್ತೆ, ಇಂಜಿನ್ನಿಗೆ ಅಜೀರ್ಣ. ಖರ್ದುಂಗ್ ಲಾ ಬೋರ್ಡಲ್ಲಿ 18,380 ಅಡಿ ಅಂತ ಬರ್ದಿದ್ರೂ ಜಿಪಿಎಸ್ ಲೆಕ್ಕದಲ್ಲಿ ಅದು 5,359 ಮೀಟ್ರು, ಅಂದ್ರೆ ಸುಮಾರು 17,582 ಅಡಿ. ಅಷ್ಟಕ್ಕೇ ಗಾಳಿ ಒತ್ತಡ ಸಮುದ್ರ ಮಟ್ಟದ ಹೆಚ್ಚುಕಮ್ಮಿ ಅರ್ಧ. ಕೊನೇ ಎರಡು ತಿರುವು ನಾನು ಗಾಡಿ ಮೇಲೆ ಕೂತಿರ್ಲಿಲ್ಲ, ಪಕ್ಕದಲ್ಲಿ ನಡ್ಕೊಂಡು ಕ್ಲಚ್ ಬಿಡ್ತಾ ತಳ್ತಿದ್ದೆ, ಸೈಲೆನ್ಸರಿಂದ ಕಪ್ಪು ಹೊಗೆ. ಅದೇ ರಸ್ತೇಲಿ 2022ರಲ್ಲಿ ಈ ಎಫ್‌ಐ ಗಾಡಿ ತಗೊಂಡೋದೆ, ಪವರ್ ಕಮ್ಮಿ ಆಯ್ತು ನಿಜ, ಗಾಳಿನೇ ಇಲ್ಲ ಅಂದ್ರೆ ಯಾರೇನು ಮಾಡೋಕಾಗುತ್ತೆ, ಆದ್ರೆ ಒಂದು ಕೆಮ್ಮು ಇಲ್ಲ, ಬೆಳಿಗ್ಗೆ ಮೈನಸ್ ಚಳೀಲಿ ಒಂದೇ ಸೆಲ್ಫಿಗೆ ಸ್ಟಾರ್ಟು.

ಅದು ಹೆಂಗೆ ಅಂದ್ರೆ, ಇಂಜಿನ್ನಿಗೆ ಗಾಳಿ ಹೋಗೋ ಇಂಟೇಕ್ ಹತ್ರ ಒಂದು ಪ್ರೆಷರ್ ಸೆನ್ಸರ್ ಇರುತ್ತೆ, ಅದು ಗಾಳಿ ಎಷ್ಟು ತೆಳ್ಳಗಿದೆ ಅಂತ ಇಸಿಯುಗೆ, ಅಂದ್ರೆ ಇಂಜಿನ್ ನಡೆಸೋ ಪುಟ್ಟ ಕಂಪ್ಯೂಟ್ರಿಗೆ, ಹೇಳ್ತಾ ಇರುತ್ತೆ. ಇನ್ನೊಂದು ಇಂಜಿನ್ ಬಿಸಿ ಹೇಳುತ್ತೆ, ಇನ್ನೊಂದು ಥ್ರಾಟಲ್ ಎಷ್ಟು ತೆರ್ದಿದೆ ಅಂತ ಹೇಳುತ್ತೆ, ಕ್ರ್ಯಾಂಕ್ ಸೆನ್ಸರ್ ಪಿಸ್ಟನ್ ಎಲ್ಲಿದೆ ಅಂತ ಹೇಳುತ್ತೆ, ಸೈಲೆನ್ಸರ್ ಬುಡದಲ್ಲಿರೋ ಆಕ್ಸಿಜನ್ ಸೆನ್ಸರ್ ಅಡುಗೆ ಹೆಂಗಾಗಿದೆ ಅಂತ ರುಚಿ ನೋಡಿ ಹೇಳುತ್ತೆ. ಇಷ್ಟೂ ಕೇಳ್ಕೊಂಡು ಇಸಿಯು ಇಂಜೆಕ್ಟರ್ ಬಾಯಿ ಎಷ್ಟು ಮಿಲಿಸೆಕೆಂಡ್ ತೆಗೀಬೇಕು ಅಂತ ಲೆಕ್ಕ ಹಾಕುತ್ತೆ. 6,000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 50 ಸಲ ಈ ಲೆಕ್ಕ. ಪಂಪು ಹೆಚ್ಚುಕಮ್ಮಿ 3 ಬಾರ್ ಪ್ರೆಷರಲ್ಲಿ ಪೆಟ್ರೋಲು ರೆಡಿ ಇಟ್ಕೊಂಡಿರುತ್ತೆ. ಇದ್ರಲ್ಲಿ ಸವೆಯೋ ಭಾಗ ಅಂತ ಇರೋದು ಪಂಪು ಒಂದು, ಇಂಜೆಕ್ಟರ್ ಒಂದು, ಮಿಕ್ಕಿದ್ದೆಲ್ಲಾ ಅಲ್ಲಾಡದೆ ಕೂತಿರೋ ಸಾಮಾನು.

ಆದ್ರೂ ಜನಕ್ಕೆ ನಂಬಿಕೆ ಬರೋಕೆ ಟೈಮ್ ಹಿಡೀತು. ಅಡ್ವೆಂಚರ್ ಗಾಡಿಗಳ ಅಜ್ಜ ಅಂತಾರಲ್ಲ, 1980ರ ಬಿಎಂಡಬ್ಲ್ಯೂ ಆರ್80 ಜಿ/ಎಸ್, ಅದ್ರಲ್ಲೂ ಕಾರ್ಬುರೇಟ್ರೇ ಇತ್ತು. ನಮ್ ದೇಶದಲ್ಲಿ 2006ರಲ್ಲಿ ಹೀರೋ ಹೋಂಡಾ ಗ್ಲ್ಯಾಮರ್ ಎಫ್‌ಐ ಬಂತು, 2007ರಲ್ಲಿ ಪಲ್ಸರ್ 220 ಇಂಜೆಕ್ಷನ್ ಹಾಕ್ಕೊಂಡು ಬಂತು, ತಮಾಷೆ ಅಂದ್ರೆ 2009ರಲ್ಲಿ ಅದೇ ಪಲ್ಸರ್ ವಾಪಸ್ ಕಾರ್ಬುರೇಟ್ರಿಗೆ ಹೋಯ್ತು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ ಬಂದಾಗ್ಲೂ ಕಾರ್ಬುರೇಟ್ರು, ಮಾರ್ನೇ ವರ್ಷ ಬಿಎಸ್4 ಅನ್ನೋ ಹೊಗೆ ನಿಯಮ ಬಂದಾಗ ಎಫ್‌ಐ. 2020ರ ಏಪ್ರಿಲ್ ಒಂದಕ್ಕೆ ಬಿಎಸ್6 ಬಂದ್ಮೇಲೆ ಈ ಚರ್ಚೆಗೆ ಅರ್ಥನೇ ಉಳೀಲಿಲ್ಲ, ಬೇಕೋ ಬೇಡ್ವೋ ಎಲ್ಲಾ ಹೊಸ ಅಡ್ವೆಂಚರ್ ಗಾಡಿನೂ ಎಫ್‌ಐನೇ.

ನಂಗನ್ಸೋದು ಏನಂದ್ರೆ, ಕಾರ್ಬುರೇಟ್ರು ಗಾಡಿ ನಮ್ಮಜ್ಜಿ ಥರ, ಒಂದಲ್ಲ ಒಂದು ನೋವು ಇದ್ದೇ ಇರ್ತಿತ್ತು, ಹೇಳ್ಕೊತಾನೇ ಇರ್ತಿತ್ತು, ಆದ್ರೆ ದಿನಾ ಎದ್ದು ಕೆಲ್ಸ ಮಾಡ್ತಿತ್ತು. ಎಫ್‌ಐ ಗಾಡಿ ಹಂಗಲ್ಲ, ಇಪ್ಪತ್ತು ಸಾವ್ರ ಕಿಲೋಮೀಟ್ರು ತಲೆನೋವು ಅಂತ ಒಂದು ದಿನ ಅನ್ನಲ್ಲ, ಆಮೇಲೆ ಒಂದಿನ ಇದ್ದಕ್ಕಿದ್ದಂಗೆ ಮಾತು ಬಿಟ್ಬುಡುತ್ತೆ. ಲೆಕ್ಕ ಹಾಕುದ್ರೆ ಅಜ್ಜಿಗೇ ಜಾಸ್ತಿ ಕಾಯ್ಲೆ, ಆದ್ರೆ ನಮ್ಗೆ ಭಯ ಆಗೋದು ಮಾತು ಬಿಟ್ಟೋರನ್ನ ನೋಡುದ್ರೇ. ಅದ್ರಲ್ಲೂ ಈ ಗಾಡಿಗಳನ್ನ ತಳ್ಳಿ ಸ್ಟಾರ್ಟ್ ಮಾಡೋಣ ಅಂದ್ರೆ ಬ್ಯಾಟ್ರಿ ಪೂರ್ತಿ ಸತ್ತಿದ್ರೆ ಪಂಪಿಗೂ ಇಸಿಯುಗೂ ಕರೆಂಟ್ ಇಲ್ಲ, ಇಳಿಜಾರಲ್ಲಿ ಎಷ್ಟು ಉರುಳ್ಸುದ್ರೂ ಉಪಯೋಗ ಇಲ್ಲ. ಕಿಕ್ಕರ್ ಅಂತೂ ಇಲ್ಲ. ಹೊಸ ಹಿಮಾಲಯನ್ 450 ಒಂದೇ 196 ಕೆಜಿ, ಅದನ್ನ ತಳ್ಳಿ ನೋಡಿ ಒಂದ್ಸಲ.

ಸರಿ, ಸರ್ವೀಸ್ ಸೆಂಟರ್‌ಗೆ ಬಿಟ್ಟೆ. ಒಂದಿನ ಇಟ್ಕೊಂಡು "ಏನೂ ಇಲ್ಲ ಸರ್, ಎರರ್ ಇತ್ತು ಕ್ಲಿಯರ್ ಮಾಡಿದೀವಿ" ಅಂದ್ರು. ಏನು ಎರರ್ ಅಂತ ಕೇಳುದ್ರೆ "ಕೋಡ್ ಸರ್" ಅಂದ್ರು. ಯಾವ ಕೋಡ್ ಅಂದ್ರೆ "ಕ್ಲಿಯರ್ ಆಗಿದೆ ಸರ್". ಡಾಕ್ಟ್ರು ಹತ್ರ ಹೋದ್ರೆ ಜ್ವರ ಎಷ್ಟಿತ್ತು ಅಂತ ಹೇಳ್ದೆ ಥರ್ಮಾಮೀಟ್ರು ಒರ್ಸಿ ಜೇಬಿಗಿಟ್ಕೊಂಡಂಗೆ. ವಾರಕ್ಕೆ ಮತ್ತೆ ನಿಲ್ತು, ಈ ಸಲ ಕುವೆಂಪುನಗರದಲ್ಲಿ ಅಂಗಡಿ ಮುಂದೆ ಪಾರ್ಕ್ ಮಾಡಿದ್ದಾಗ. ವಾಪಸ್ ಸರ್ವೀಸ್ ಸೆಂಟರ್, ಬ್ಯಾಟ್ರಿ ವೀಕು ಅಂತ ಹೊಸ ಬ್ಯಾಟ್ರಿ ಹಾಕುದ್ರು. ಹದಿನೈದು ದಿನ ಬಿಟ್ಟು ಮತ್ತೆ. ಆಗ "ಫ್ಯೂಯಲ್ ಪಂಪ್ ಅಸೆಂಬ್ಲಿ ಚೇಂಜ್ ಮಾಡ್ಬೇಕು ಸರ್, ಒಂಬತ್ತು ಸಾವ್ರ ಚಿಲ್ರೆ, ಸ್ಟಾಕ್ ಇಲ್ಲ, ಬುಕ್ ಮಾಡ್ತೀವಿ" ಅಂದ್ರು. ಒಂಬತ್ತು ಸಾವ್ರ ಅಂದ ತಕ್ಷಣ ನನ್ ತಲೇಲಿರೋ ಇಸಿಯು ಕೆಲ್ಸ ಮಾಡೋಕೆ ಶುರು ಮಾಡ್ತು.

ಬಿಎಸ್6 ಗಾಡಿಲಿ ಓಬಿಡಿ ಅಂತ ಇದೆ, ತಪ್ಪು ಆದ್ರೆ ಇಸಿಯು ಕೋಡ್ ಬರ್ದಿಟ್ಕೊಬೇಕು. ಸೀಟ್ ಕೆಳ್ಗಡೆ ಒಂದು ಆರು ಪಿನ್ನಿನ ಕನೆಕ್ಟರ್ ಇರುತ್ತೆ, ಅದಕ್ಕೊಂದು ಅಡಾಪ್ಟರ್ ಕೇಬಲ್ಲು, ಆ ಕೋಡ್ ಓದೋಕೆ ಕಾರಿಗೆ ಹಾಕೋ ಬ್ಲೂಟೂತ್ ಡಾಂಗಲ್ಲು ತರಿಸ್ಕೊಂಡೆ, ಎಲ್ಲಾ ಸೇರಿ ಒಂದೂವರೆ ಸಾವ್ರದೊಳ್ಗೆ. ಮೊಬೈಲಲ್ಲಿ ಓದುದ್ರೆ ಪಿ0562. ಸಿಸ್ಟಮ್ ವೋಲ್ಟೇಜ್ ಲೋ. ಪಂಪಿನ ಸರ್ಕ್ಯೂಟಿಗೆ ಬೇರೆ ಕೋಡ್ ಇದೆ, ಪಿ0230, ಅದು ಬಂದೇ ಇಲ್ಲ. ಅಂದ್ರೆ ಗಾಡಿ ಮೊದ್ಲ ದಿನದಿಂದ ಒಂದೇ ಮಾತು ಹೇಳ್ತಾ ಇದೆ, ನಂಗೆ ಊಟ ಸರಿಯಾಗಿ ಬರ್ತಿಲ್ಲ ಅಂತ. ಎಫ್‌ಐ ಬಗ್ಗೆ ನಂಗೆ ಸಿಟ್ಟು ಅಂತ ಇದ್ರೆ ಇದೊಂದೇ. ಗಾಡಿಗೆ ತನ್ನ ಕಾಯ್ಲೆ ಗೊತ್ತು, ದುಡ್ಡು ಕೊಟ್ಟು ತಗೊಂಡ ನಂಗೆ ಮಾತ್ರ ಹಳದಿ ದೀಪ ಒಂದು ತೋರ್ಸಿ ಸುಮ್ನಾಗುತ್ತೆ. ಅಷ್ಟು ದೊಡ್ಡ ಬಣ್ಣದ ಮೀಟ್ರಲ್ಲಿ ಹಾಡು ಯಾವ್ದು ಬರ್ತಿದೆ ಅಂತ ತೋರ್ಸೋಕಾಗುತ್ತೆ, ನಾಲ್ಕು ಅಂಕಿ ತೋರ್ಸೋಕಾಗಲ್ವಾ?

ಮಲ್ಟಿಮೀಟ್ರು ಹಿಡ್ಕೊಂಡು ಎರಡು ಸಂಜೆ ಕೂತೆ. ಬ್ಯಾಟ್ರಿ 12.6 ವೋಲ್ಟ್. ಸ್ಟಾರ್ಟ್ ಮಾಡಿ ನೋಡುದ್ರೆ ಚಾರ್ಜಿಂಗ್ 14.1, ಅದೂ ಸರಿ. ಫ್ಯೂಸ್ ಬಾಕ್ಸಲ್ಲಿ 12.4. ಹ್ಯಾಂಡ್ಲು ಆ ಕಡೆ ಈ ಕಡೆ ತಿರುಗಿಸಿ ನೋಡುದ್ರೂ, ಹೌದು ಅಷ್ಟೊತ್ತಿಗೆ ಎಡಕ್ಕೆ ತಿರುಗಿಸ್ದಾಗ ಮಾತ್ರ ಹೋಗುತ್ತೆ ಅಂತ ಗೊತ್ತಾಗಿತ್ತು, ಕುವೆಂಪುನಗರದಲ್ಲೂ ಸೈಡ್ ಸ್ಟ್ಯಾಂಡಲ್ಲಿ ಹ್ಯಾಂಡ್ಲು ಎಡಕ್ಕೆ ಬಿದ್ದಿತ್ತಲ್ಲ, ಸರ್ವೀಸ್ ಸೆಂಟರಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ನೇರ ನಿಲ್ಲಿಸ್ತಾರೆ ಅದಕ್ಕೇ ಅಲ್ಲಿ ಬರಲ್ಲ, ಎಡಕ್ಕೆ ತಿರುಗಿಸಿ ಇಟ್ರೂ ಮಲ್ಟಿಮೀಟ್ರು 12.3 ತೋರ್ಸುತ್ತೆ. ಕರೆಂಟ್ ಇದೆ, ಗಾಡಿ ಇಲ್ಲ. ತಲೆ ಕೆಡ್ತು.

ಮಂಡ್ಯದಲ್ಲಿರೋ ನಮ್ ಭಾವ "ನಮ್ ಟ್ರಾಕ್ಟ್ರು ಡೈನಮೋ ನೋಡೋ ಅಣ್ಣನ ಹತ್ರ ತಗೊಂಬಾ, ಅವ್ನು ಗಾಡಿ ಗೀಡಿ ಅಂತ ನೋಡಲ್ಲ, ವೈರ್ ಅಂದ್ರೆ ವೈರ್" ಅಂದ. ಗುತ್ತಲು ರಸ್ತೆ ಕಡೆ ಒಂದು ಶೀಟ್ ಶೆಡ್ಡು, ಹೊರಗೆ ಸೆಲ್ಫ್ ಮೋಟ್ರುಗಳ ರಾಶಿ. ಗಾಡಿ ನೋಡಿ ಅವ್ರು ಹೆದರ್ಲೂ ಇಲ್ಲ, ಹಿಗ್ಲೂ ಇಲ್ಲ. ಕೋಡ್ ಹೇಳ್ದೆ, "ಇರ್ಲಿ ಬುಡಿ" ಅಂದ್ರು. ಮಲ್ಟಿಮೀಟ್ರು ತೋರುಸ್ದೆ, ಅದನ್ನೂ ಪಕ್ಕಕ್ಕಿಟ್ರು. ಹಳೇ ಇಂಡಿಕೇಟರ್ ಬಲ್ಬು, 21 ವ್ಯಾಟಿಂದು, ಎರಡು ವೈರ್ ಬೆಸುಗೆ ಹಾಕಿರೋದು ತೆಗುದ್ರು. ಒಂದು ತುದಿ ಗಾಡಿ ಫ್ರೇಮಿಗೆ, ಇನ್ನೊಂದು ಫ್ಯೂಸಿಗೆ. ಕೀ ಆನ್. ಬಲ್ಬು ಚೆನ್ನಾಗಿ ಹತ್ತುತ್ತು. ಹ್ಯಾಂಡ್ಲು ನಿಧಾನಕ್ಕೆ ಎಡಕ್ಕೆ ತಿರುಗಿಸ್ತಾ ಹೋದ್ರು, ಬಲ್ಬು ಅರಿಶಿನದ ಬಣ್ಣಕ್ಕೆ ಬಂತು, ಆಮೇಲೆ ಕೆಂಡದ ಥರ ಕೆಂಪಗಾಯ್ತು, ಆಮೇಲೆ ಇಲ್ಲ. ಬಲಕ್ಕೆ ತಂದ್ರು, ಮತ್ತೆ ಬಂತು.

"ಮೀಟ್ರು ಸುಳ್ಳು ಹೇಳ್ತದೆ ಅನ್ನಕಾಗಕಿಲ್ಲ ಸಾ, ಅದ್ಕೆ ಕಷ್ಟ ಗೊತ್ತಿಲ್ಲ ಅಷ್ಟೇಯ. ನಾಲೇಲಿ ನೀರೈತೆ ಅಂತ ಗೇಟ್ ತಾವ ನಿಂತ್ಕಂಡು ನೋಡುದ್ರೆ ಆಯ್ತದಾ? ಕೊನೇ ಗದ್ದೆಗೆ ಬತ್ತದಾ ನೋಡ್ಬೇಕು."

ಇದಕ್ಕಿಂತ ಚೆನ್ನಾಗಿ ನಂಗೆ ಇಂಜಿನಿಯರಿಂಗಲ್ಲೂ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಮಲ್ಟಿಮೀಟ್ರು ಕರೆಂಟೇ ಎಳೆಯಲ್ಲ, ಹಂಗಾಗಿ ವೈರೊಳ್ಗೆ ಒಂದೇ ಒಂದು ಎಳೆ ತಾಗ್ತಾ ಇದ್ರೂ ಪೂರ್ತಿ ವೋಲ್ಟೇಜ್ ತೋರ್ಸುತ್ತೆ. ಬಲ್ಬು ಹೆಚ್ಚುಕಮ್ಮಿ 1.75 ಆಂಪ್ ಕೇಳುತ್ತೆ, ಆ ಒಂದೆಳೆ ಅಷ್ಟು ಹೊರೋಕಾಗದೆ ಕೈ ಚೆಲ್ಲುತ್ತೆ. ಪಂಪು, ಇಂಜೆಕ್ಟರ್, ಇಸಿಯು ಎಲ್ಲಾ ಸೇರಿ ಕೇಳೋದು ಇನ್ನೂ ಜಾಸ್ತಿ. ವೋಲ್ಟೇಜ್ ಕುಸುದ್ರೆ ಇಸಿಯು ರೀಸೆಟ್, ಮೀಟ್ರು ರೀಸೆಟ್, ಎಬಿಎಸ್ ಬೊಬ್ಬೆ.

ಹೆಡ್‌ಲೈಟ್ ಹಿಂದೆ, ಹ್ಯಾಂಡ್ಲು ತಿರುಗೋ ಜಾಗದಲ್ಲಿ ಇಗ್ನಿಷನ್ ಲಾಕಿಂದ ಬರೋ ವೈರಿನ ಕಟ್ಟು ಹಿಡ್ಕೊಂಡು ಅಣ್ಣ ಬೆರಳಲ್ಲಿ ಒತ್ತುತ್ತಾ ಹೋದ್ರು, ನಾಡಿ ನೋಡೋ ಥರ. ಒಂದು ಕಡೆ ನಿಲ್ಸುದ್ರು. ಅಲ್ಲೊಂದು ಕಪ್ಪು ಜಿಪ್ ಟೈ, ಉಸ್ರು ಕಟ್ಟೋ ಹಂಗೆ ಬಿಗ್ದಿತ್ತು, ವೈರ್ ಕಟ್ಟನ್ನ ಫ್ರೇಮಿಗೆ ಸೇರ್ಸಿ. ಹ್ಯಾಂಡ್ಲು ತಿರುಗಿದಾಗೆಲ್ಲಾ ವೈರು ಸಡಿಲವಾಗಿ ಓಡಾಡ್ಬೇಕಿತ್ತು, ಅದ್ರ ಬದ್ಲು ಅದೇ ಒಂದು ಬಿಂದುವಲ್ಲಿ ಮಡ್ಚಿ ಮಡ್ಚಿ ಒಳ್ಗಡೆ ತಾಮ್ರದ ಎಳೆಗಳು ಒಂದೊಂದೇ ಕಟ್ ಆಗಿವೆ. ಮೇಲ್ಗಡೆ ಪ್ಲಾಸ್ಟಿಕ್ ಒಂದು ಗೀರೂ ಇಲ್ಲದೆ ನಗ್ತಾ ಇದೆ.

"ಕಂಪ್ನಿಯೋರು ಹಿಂಗೆ ಕಟ್ಟಕಿಲ್ವಲ್ಲ ಸಾ, ಯಾರ್ ಕಟ್ಟಿದ್ದು ಇದ?"

ನಾನು. 2022ರಲ್ಲಿ, ಲಡಾಖಿಗೆ ಹೊರಡೋ ಮುಂಚೆ, ಫಾಗ್ ಲೈಟ್ ಹಾಕ್ದಾಗ. ಯೂಟ್ಯೂಬ್ ನೋಡ್ಕೊಂಡು ನಾನೇ ಮನೇಲಿ ಹಾಕ್ದೆ, ವೈರಿಂಗ್ ನೀಟಾಗಿ ಕಾಣ್ಲಿ ಅಂತ ಇದ್ದ ಬದ್ದದ್ದನ್ನೆಲ್ಲಾ ಜೊತೇಲಿ ಸೇರ್ಸಿ ಬಿಗ್ದಿದ್ದೆ, ಫೋಟೋ ಕೂಡ ತೆಗ್ದು ಎಲ್ರಿಗೂ ತೋರ್ಸಿದ್ದೆ. ಈಗ ಗೊತ್ತಾಯ್ತಾ ಕಂಪ್ನಿ ಹೆಸ್ರು ಯಾಕೆ ಹೇಳ್ಲಿಲ್ಲ ಅಂತ. ಅಣ್ಣನ ಮುಂದೆ ಮಾತ್ರ "ಯಾರೋ ಹುಡುಗ್ರು ಕಟ್ಟಿರ್ಬೇಕು" ಅಂದೆ. ಅವ್ರು ನನ್ ಮುಖ ನೋಡಿ ಏನೂ ಹೇಳ್ಲಿಲ್ಲ. ಭಾವ ಟೀ ತರ್ತೀನಿ ಅಂತ ಎದ್ದೋದ, ನಗು ತಡೆಯೋಕಾಗದೆ.

ಕೆಟ್ಟ ಭಾಗ ಕತ್ತರ್ಸಿ, ಅದೇ ದಪ್ಪದ ವೈರ್ ಸೇರ್ಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಬಿಸಿ ಮಾಡಿ ಕೂರ್ಸುದ್ರು. ಜೋಡಿಸಿದ ಜಾಗ ತಿರುಗೋ ಕಡೆ ಬರ್ಬಾರ್ದು ಅಂತ ಸ್ವಲ್ಪ ಹಿಂದಕ್ಕೆ ತಗೊಂಡ್ರು, ಬೆಸುಗೆ ಗಟ್ಟಿ ಆಗಿರುತ್ತಲ್ಲ, ಮಡಚಿದ್ರೆ ಅದ್ರ ಪಕ್ಕದಲ್ಲೇ ಮತ್ತೆ ಮುರಿಯುತ್ತಂತೆ. ಇನ್ನೂರು ರೂಪಾಯಿ ಕೇಳುದ್ರು. ಐನೂರು ಕೊಟ್ರೆ ಮುನ್ನೂರು ವಾಪಸ್ ಕೊಟ್ರು.

ಅವತ್ತಿಂದ ಯಾರಾದ್ರೂ ಎಫ್‌ಐ ಗಾಡಿ ನಿಂತೋಯ್ತು, ಇಸಿಯು ಹೋಗಿದೆಯಂತೆ ಅಂದ್ರೆ ನಾನು ತಡೀತೀನಿ. ಇಸಿಯು ಹೋಗೋದು ನಾನಂತೂ ಇನ್ನೂ ನೋಡಿಲ್ಲ. ನೋಡಿರೋದೆಲ್ಲಾ ಚಿಲ್ರೆ ಸಾಮಾನು. ನನ್ ಫ್ರೆಂಡ್ ಒಬ್ಬ ಬಿಸ್ಲೆ ಕಡೆ ಕೆಸ್ರಲ್ಲಿ ಬಿದ್ದು ಗಾಡಿ ಎತ್ತಿದ್ಮೇಲೆ ಅರ್ಧ ಗಂಟೆ ಸೆಲ್ಫ್ ಹೊಡ್ದು ಬ್ಯಾಟ್ರಿ ಇಳಿಸ್ಕೊಂಡ, ಗಾಡಿ ಬಿದ್ರೆ ಇಂಜಿನ್ ಆಫ್ ಮಾಡೋಕೆ ಅಂತ್ಲೇ ಒಂದು ಸೆನ್ಸರ್ ಇದೆ, ಕೀ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರೆ ಮುಗೀತಿತ್ತು. ಇನ್ನೊಬ್ಬಂದು ನಾಲೆ ಏರಿ ಮೇಲೆ ಹೋಗಿ ಸ್ಟ್ಯಾಂಡ್ ಕೆಳ್ಗಿದ್ದಾಗ ಗೇರ್ ಹಾಕುದ್ರೆ ಇಂಜಿನ್ ಆಫ್ ಮಾಡೋ ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಗದ್ದೆ ಮಣ್ಣು ಮೆತ್ಕೊಂಡು, ಗೇರ್ ಹಾಕಿದ ತಕ್ಷಣ ಆಫ್, ಗೇರ್ ಹಾಕಿದ ತಕ್ಷಣ ಆಫ್. ನೀರು ಹೊಡ್ದು ತೊಳೆದ್ರೆ ಸರಿ. ಆದ್ರೆ ಅದೇ ನೀರನ್ನ ವಾಟರ್ ಸರ್ವಿಸ್ ಹುಡುಗ್ರು ಫುಲ್ ಪ್ರೆಷರಲ್ಲಿ ಸೀಟ್ ಕೆಳ್ಗಡೆ ಕನೆಕ್ಟರಿಗೆ ಹೊಡೀತಾರಲ್ಲ, ಅಲ್ಲಿಂದ ಶುರು ಇನ್ನೊಂದು ಕಥೆ, ತಿಂಗಳು ಬಿಟ್ಟು ಪಿನ್ನು ಹಸ್ರಾಗಿರುತ್ತೆ. ಎಬಿಎಸ್ ಲೈಟ್ ಆರ್ತಿಲ್ಲ ಅಂತ ಹೆದ್ರಿ ಬಂದೋರ ಗಾಡಿಲಿ ಹೆಚ್ಚಾಗಿ ಚಕ್ರದ ಸೆನ್ಸರ್ ಮೇಲೆ ಮಣ್ಣು ಕೂತಿರುತ್ತೆ ಅಷ್ಟೇ, ಬ್ರೇಕ್ ಹಿಡಿಯುತ್ತೆ, ಎಬಿಎಸ್ ಮಾತ್ರ ರಜ ಹಾಕಿರುತ್ತೆ.

ಪಂಪು ಮಾತ್ರ ಬೇರೆ ವಿಷ್ಯ, ಅದು ನಿಜ್ವಾಗ್ಲೂ ಹಾಳಾಗುತ್ತೆ, ಹಾಳು ಮಾಡೋರು ನಾವೇ. ಅದಕ್ಕೆ ತಂಪು ಅಂದ್ರೆ ಸುತ್ತ ಇರೋ ಪೆಟ್ರೋಲೇ, ಯಾವಾಗ್ಲೂ ಲಾಸ್ಟ್ ಕಡ್ಡಿಲೇ ಓಡಿಸ್ತಾ ಇದ್ರೆ ಬಿಸಿ ಆಗುತ್ತೆ. ಹಳ್ಳಿ ಅಂಗಡಿಲಿ ನೀರಿನ ಬಾಟ್ಲಲ್ಲಿ ಮಾರೋ ಪೆಟ್ರೋಲು ಹಾಕಿಸ್ಕೊಂಡ್ರೆ ಅದ್ರಲ್ಲಿರೋ ಕಸ ಕಡ್ಡಿ ಫಿಲ್ಟ್ರಿಗೆ. ಈಗ ಎಲ್ಲಾ ಕಡೆ ಇ20, ಅಂದ್ರೆ 20% ಎಥೆನಾಲು ಬೆರ್ಸಿರೋ ಪೆಟ್ರೋಲು, ಎಥೆನಾಲು ಗಾಳಿಲಿರೋ ತೇವ ಹೀರ್ಕೊಳ್ಳುತ್ತೆ, ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಲ್ಲಿ ನಿಲ್ಲಿಸ್ಬಿಟ್ರೆ ನೀರು ಜಾಸ್ತಿ ಆಗಿ ಬೇರೆ ಆಗಿ ತಳ ಸೇರ್ಬಹುದು, ಪಂಪು ಹೀರೋದೂ ತಳದಿಂದ್ಲೇ. ನಾನು ಜೂನಿಂದ ಟ್ಯಾಂಕ್ ತುಂಬ್ಸಿ ಇಡ್ತೀನಿ, ವಾರಕ್ಕೊಂದ್ಸಲ ಕೆಆರ್‌ಎಸ್ ತನಕ ಆದ್ರೂ ಹೋಗ್ಬರ್ತೀನಿ.

ಟ್ಯಾಂಕ್ ಬ್ಯಾಗಲ್ಲಿ ಈಗ ಎರಡು ಸಾಮಾನು ಹೊಸದಾಗಿ ಸೇರಿವೆ, ಡಾಂಗಲ್ಲು ಒಂದು, ವೈರ್ ಬೆಸುಗೆ ಹಾಕಿರೋ 21 ವ್ಯಾಟ್ ಬಲ್ಬು ಒಂದು. ಅಪ್ಪ ಬಲ್ಬು ನೋಡಿ ಖುಷಿ ಆದ್ರು, ಡಾಂಗಲ್ ಕಡೆ ತಿರುಗೂ ನೋಡ್ಲಿಲ್ಲ. ಮೊನ್ನೆ ಅವ್ರನ್ನೇ ಹಿಂದೆ ಕೂರಿಸ್ಕೊಂಡು ಮೇಲುಕೋಟೆಗೆ ಹೋಗಿದ್ದೆ, ಅದೇ ತಿರುವಲ್ಲಿ ಬೇಕು ಬೇಕಂತ್ಲೇ ನಿಧಾನ ಮಾಡಿ ಹ್ಯಾಂಡ್ಲು ಪೂರ್ತಿ ಎಡಕ್ಕೆ ಎಳ್ದೆ. ಏನೂ ಆಗ್ಲಿಲ್ಲ. ಹಿಂದಿನಿಂದ "ನೆಟ್ಗೆ ಓಡ್ಸೋ" ಅಂತ ಬೈಸ್ಕೊಂಡೆ. ಪುಳಿಯೋಗರೆ ಈ ಸಲ ತಿಂದ್ವಿ, ಸಕ್ಕರೆ ಪೊಂಗಲ್ಲೂ.

ಫಾಗ್ ಲೈಟ್ ಬಿಚ್ಚಿ ಡಬ್ಬಕ್ಕೆ ಹಾಕಿಟ್ಟಿದೀನಿ. ಜೋಡಿ ಚೆನ್ನಾಗೇ ಇದೆ, ರಿಲೇ, ಸ್ವಿಚ್ಚು ಎಲ್ಲಾ ಇದೆ, ಮೈಸೂರಲ್ಲಿ ಯಾರಿಗಾದ್ರೂ ಬೇಕಿದ್ರೆ ಬಂದು ತಗೊಂಡೋಗಿ. ಜಿಪ್ ಟೈ ಕೊಡಲ್ಲ.